ತಾತಗುಣಿ ಎಸ್ಟೇಟ್
ತಾತಗುಣಿ ಎಸ್ಟೇಟ್ ಬೆಂಗಳೂರಿನ ಕನಕಪುರ ರಸ್ತೆಯ ಬಳಿ ಸುಮಾರು 470 ಎಕರೆ ವಿಸ್ತೀರ್ಣದಲ್ಲಿರುವ ಐತಿಹಾಸಿಕ ತೋಟ. ಇದು ರಷ್ಯನ್ ಮೂಲದ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಹಾಗೂ ಅವರ ಪತ್ನಿ, ಚಲನಚಿತ್ರ ನಟಿ ದೇವಿಕಾ ರಾಣಿಯವರ ಒಡೆತನದಲ್ಲಿತ್ತು. ಸುಗಂಧ ತೈಲ ನೀಡುವ ಲಿನಾಲೋ ಮರಗಳ ಕೃಷಿಗಾಗಿ 1954ರಲ್ಲಿ ಸರ್ಕಾರವು 100 ಎಕರೆ ಭೂಮಿಯನ್ನು ಮಂಜೂರು ಮಾಡಿತು. ಉಳಿದುದನ್ನು ದಂಪತಿ ಕೊಂಡುಕೊಂಡರು. ಕೃಷಿಭೂಮಿಯಾಗಿದ್ದ ತೋಟವು ಅವರ ನಿವಾಸವೂ ರೋರಿಕ್ ಅವರ ಚಿತ್ರಶಾಲೆಯೂ ಆಯಿತು.

ರೋರಿಕ್ 1993ರಲ್ಲಿ, ದೇವಿಕಾ ರಾಣಿ 1994ರಲ್ಲಿ ನಿಧನರಾದರು. ಆ ವೇಳೆಗೆ ತೋಟದ ಒಡೆತನವು ವಿವಾದಕ್ಕೊಳಗಾಗಿತ್ತು. ತೋಟ ಹಾಗೂ ಕಲಾಕೃತಿಗಳನ್ನು ಸಂರಕ್ಷಿಸಿ ಕಲಾ ಸಂಗ್ರಹಾಲಯ ಸ್ಥಾಪಿಸಲು ಕರ್ನಾಟಕವು 1996ರಲ್ಲಿ ಸ್ವಾಧೀನ ಕಾಯಿದೆಯನ್ನು ರೂಪಿಸಿತು. ಖಾಸಗಿ ಕಂಪನಿಯೊಂದು ಇದನ್ನು ಪ್ರಶ್ನಿಸಿತಾದರೂ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2011ರ ಆಗಸ್ಟ್ 9ರಂದು ಕಾಯಿದೆಯನ್ನು ಎತ್ತಿಹಿಡಿಯಿತು. ಸಂವಿಧಾನದ 300ಎ ವಿಧಿಯ ಆಸ್ತಿ ಹಕ್ಕಿನ ವ್ಯಾಖ್ಯಾನದಲ್ಲಿ ಈ ತೀರ್ಪು ಮುಖ್ಯವಾದುದು.