ಪಾತ್ರದ ಜಾತಿ, ನಟಿಯ ಜಾತಿ: ಪಿ.ಕೆ. ರೋಸಿಯವರ ಕತೆ

ಯಾರು ಯಾರ ಪಾತ್ರ ಮಾಡಬಹುದು? ಇದನ್ನು ನಾವು ಅಭಿನಯದ ಪ್ರಶ್ನೆ ಅಂತ ಓದಿಕೊಂಡು ಬಂದಿದ್ದೇವೆ. ರಸ, ಭಾವ, ತನ್ಮಯತೆ ಅಂತ ಪುಟಗಟ್ಟಲೆ ಬರೆದಿದ್ದೇವೆ. ಆದರೆ ಈ ಪ್ರಶ್ನೆಗೆ ಉತ್ತರ ಕೊಟ್ಟ ತಪ್ಪಿಗೆ ಒಬ್ಬ ಹೆಣ್ಣುಮಗಳು ಊರನ್ನೇ ಬಿಡಬೇಕಾಯಿತು. ಅವರ ಬದುಕನ್ನು ಮುಂದಿಟ್ಟುಕೊಂಡರೆ ಇದು ಕೆರೆ, ಬಾವಿ, ಗುಡಿಯ ಬಾಗಿಲುಗಳ ಪ್ರಶ್ನೆಯೇ ಅನ್ನುವುದು ಗೊತ್ತಾಗುತ್ತದೆ.

ಪಿ.ಕೆ. ರೋಸಿ ಮಲಯಾಳದ ಮೊದಲ ಮೂಕಿ ಚಿತ್ರ 'ವಿಗತಕುಮಾರನ್'ನ ನಾಯಕಿ. ಹುಟ್ಟಿನ ಹೆಸರು ರಾಜಮ್ಮ. 1903ರಲ್ಲಿ ತಿರುವನಂತಪುರದಲ್ಲಿ ಪುಲಯ ಕುಟುಂಬದಲ್ಲಿ ಹುಟ್ಟಿದವರೆಂದು ಅವರ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಪುಲಯ ಅನ್ನುವುದು ನಮ್ಮ ಹೊಲೆಯ ಶಬ್ದಕ್ಕೆ ಹತ್ತಿರದ ನಂಟಿನ ಹೆಸರು. ಹುಲ್ಲು ಕೊಯ್ದು ಬದುಕುವ ಕೂಲಿ. ರೋಸಿ ಎಂಬ ಹೆಸರು ಮನೆಯವರು ಕ್ರೈಸ್ತರಾದದ್ದರಿಂದ ಬಂತೆಂದು ಕೆಲವರು, ನಿರ್ದೇಶಕ ಜೆ.ಸಿ. ಡೇನಿಯಲ್ ಕೊಟ್ಟದ್ದೆಂದು ಕೆಲವರು ಹೇಳುತ್ತಾರೆ.

ಸಿನಿಮಾಕ್ಕೆ ಬರುವ ಮೊದಲೇ ಅವರು ನಟಿ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಯಾಕೆಂದರೆ ರೋಸಿಯವರ ಕತೆ ಹೇಳುವವರೆಲ್ಲ ಡೇನಿಯಲ್ ಕೈಹಿಡಿದು ಮೇಲೆತ್ತಿದ ಪಾಪದ ಹುಡುಗಿ ಎಂಬಂತೆ ಹೇಳುತ್ತಾರೆ. ಅವರು ಪಳಗಿದ್ದು ಕಾಕ್ಕಾರಿಶ್ಶಿ ನಾಟಕದಲ್ಲಿ. ಇದು ತೆಂಕಣ ತಿರುವಾಂಕೂರಿನ ಕೆಳಜಾತಿಗಳ ಆಟ. ಶಿವ ಪಾರ್ವತಿಯರು ಇಲ್ಲಿ ಕೈಲಾಸದ ದೇವರಲ್ಲ. ಕಾಕ್ಕಾಲನ್, ಕಾಕ್ಕಾತ್ತಿ ಎಂಬ ಅಲೆಮಾರಿ ಗಂಡ ಹೆಂಡಿರು. ಊರಿನ ತಂಬ್ರಾನ್ ಅವರನ್ನು ಯಾರು ಎತ್ತ ಅಂತ ವಿಚಾರಿಸುತ್ತಾನೆ. ಅವರು ಹಾಡಿನಲ್ಲಿ, ಕುಣಿತದಲ್ಲಿ, ಗೇಲಿಯಲ್ಲಿ ಉತ್ತರ ಕೊಡುತ್ತಾರೆ. ದೊರೆಗೆ ಎದುರುತ್ತರ ಕೊಡುವುದೇ ಈ ಆಟದ ಜೀವ. ಹೆಣ್ಣು ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದ ಈ ಆಟದೊಳಕ್ಕೆ ಹೆಣ್ಣಾಗಿ ಕಾಲಿಟ್ಟವರು ರೋಸಿ. ಸಾವಿರ ಜನರೆದುರು ನಿಂತು ಹಾಡಿ, ಹಾಸ್ಯ ಮಾಡಿ ಗೆಲ್ಲುವ ಎದೆಗಾರಿಕೆ ಅವರಿಗೆ ಡೇನಿಯಲ್ ಕೊಟ್ಟದ್ದಲ್ಲ, ಕೇರಿಯ ಆಟ ಕೊಟ್ಟದ್ದು.

ಡೇನಿಯಲ್ ನಾಡಾರ್ ಸಮುದಾಯದ ಕ್ರೈಸ್ತರು. ಜಮೀನು ಮಾರಿ ತಿರುವನಂತಪುರದಲ್ಲಿ ಟ್ರಾವಂಕೂರ್ ನ್ಯಾಷನಲ್ ಪಿಕ್ಚರ್ಸ್ ಕಟ್ಟಿದರು. ಪುರಾಣದ ಕತೆಗಳೇ ಓಡುತ್ತಿದ್ದ ಕಾಲದಲ್ಲಿ ಸಾಮಾಜಿಕ ಕತೆ ಆರಿಸಿಕೊಂಡರು. ಬೊಂಬಾಯಿಯಿಂದ ಕರೆಸಿದ ನಟಿ ನಿಲ್ಲಲಿಲ್ಲ. 'ಮರ್ಯಾದಸ್ಥ' ಮನೆಗಳ ಹೆಂಗಸರು ಬರುವುದಂತೂ ದೂರದ ಮಾತು. 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆಗೆದ ಫಾಲ್ಕೆಯವರಿಗೂ ತಾರಾಮತಿ ಸಿಗದೆ ಅಡುಗೆ ಕೆಲಸದ ಅಣ್ಣಾ ಸಾಲುಂಕೆಗೆ ಸೀರೆ ಉಡಿಸಬೇಕಾಗಿ ಬಂದಿತ್ತು. ಕೊನೆಗೆ ಡೇನಿಯಲ್ ಕಣ್ಣಿಗೆ ಬಿದ್ದವರು ರೋಸಿ. ದಿನಕ್ಕೆ ಐದು ರೂಪಾಯಿ ಸಂಬಳ, ಹತ್ತು ದಿನದ ಕೆಲಸ ಎಂದು ಹೇಳುತ್ತಾರೆ. ಊಟವನ್ನು ಮನೆಯಿಂದಲೇ ಕಟ್ಟಿಕೊಂಡು ಬರುತ್ತಿದ್ದರಂತೆ.

ಕೊಟ್ಟ ಪಾತ್ರ ಸರೋಜಿನಿ ಎಂಬ ನಾಯರ್ ಹೆಣ್ಣು. ಸಮಸ್ಯೆ ಇರುವುದು ಇಲ್ಲೇ.

ತಿರುವಾಂಕೂರಿನಲ್ಲಿ ಬಟ್ಟೆ ಅಂದರೆ ಬರೀ ಬಟ್ಟೆಯಲ್ಲ. ಡೇನಿಯಲ್‌ರ ಸಮುದಾಯದ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಟ್ಟಲೆ ಹೊಡೆತ ತಿಂದ ಮೇಲೆ 1859ರಲ್ಲಿ ರಾಜಾಜ್ಞೆ ಬಂತು. ಆಗಲೂ ಮೇಲ್ಜಾತಿಯವರ ಹಾಗೆ ಉಡಬಾರದು ಅನ್ನುವ ಷರತ್ತು ಉಳಿಯಿತು. ಪುಲಯ ಹೆಂಗಸರು ಕೊರಳಿಗೆ ಕಲ್ಲುಮಣಿಯ ಸರವನ್ನೇ ಹಾಕಬೇಕಿತ್ತು. 1915ರಲ್ಲಿ ಅಯ್ಯಂಕಾಳಿಯವರ ಮುಂದಾಳುತನದಲ್ಲಿ ಕೊಲ್ಲಂನ ಸಭೆಯಲ್ಲಿ ಅವರು ಆ ಸರಗಳನ್ನು ಕಿತ್ತೆಸೆದರು. ಅದಾಗಿ ಹದಿನೈದು ವರ್ಷ ತುಂಬುವುದರೊಳಗೆ ರೋಸಿ ನಾಯರ್ ಹೆಣ್ಣಿನ ಉಡುಗೆಯಲ್ಲಿ ಕ್ಯಾಮೆರಾ ಮುಂದೆ ನಿಂತಿದ್ದರು. ಇದನ್ನು ವೇಷ ಅಂತ ನೋಡುವ ಕಣ್ಣು ಅಲ್ಲಿನ ಪ್ರೇಕ್ಷಕರಿಗೆ ಇರಲಿಲ್ಲ. ಅವರು ನೋಡಿದ್ದು ಕಳ್ಳತನವನ್ನು.

ಚಿತ್ರ ತಿರುವನಂತಪುರದ ಕ್ಯಾಪಿಟಲ್ ಥಿಯೇಟರಿನಲ್ಲಿ ತೆರೆ ಕಂಡಿತು. 1928ರ ನವೆಂಬರ್ ಅಂತ ಕೆಲವರು, 1930ರ ಅಕ್ಟೋಬರ್ ಅಂತ ಕೆಲವರು ಇಂದಿಗೂ ವಾದಿಸುತ್ತಾರೆ. ಉದ್ಘಾಟನೆಗೆ ಬಂದ ವಕೀಲ ಮಳ್ಳೂರ್ ಗೋವಿಂದ ಪಿಳ್ಳೆ, ರೋಸಿ ಒಳಗಿದ್ದರೆ ತಾವು ಬರುವುದಿಲ್ಲ ಅಂದರೆಂಬುದು ಪ್ರಚಲಿತವಾದ ಕಥನ. ನಾಯಕಿಯಾದವರು ತಮ್ಮ ಚಿತ್ರಕ್ಕೆ ಹೊರಗಿನವರಾದರು. ಒಳಗೆ, ನಾಯಕ ಆಕೆ ಮುಡಿದ ಹೂವಿಗೆ ಮುತ್ತಿಟ್ಟ ದೃಶ್ಯಕ್ಕೆ ಜನ ರೊಚ್ಚಿಗೆದ್ದರು. ತೆರೆಗೆ ಕಲ್ಲು ಬಿತ್ತು. ಆಮೇಲೆ ರೋಸಿಯವರ ಗುಡಿಸಲಿಗೆ ಬೆಂಕಿ ಬಿತ್ತು. ಸಿಕ್ಕ ಲಾರಿ ಹತ್ತಿ ಅವರು ತಮಿಳುನಾಡಿನ ಕಡೆ ಹೊರಟುಹೋದರು. ಲಾರಿ ಚಾಲಕ ಕೇಶವ ಪಿಳ್ಳೆಯವರನ್ನು ಮದುವೆಯಾಗಿ ನಾಗರಕೋಯಿಲಿನಲ್ಲಿ ರಾಜಮ್ಮಾಳ್ ಆಗಿ ಬಾಳಿದರು. ಮತ್ತೆ ನಟಿಸಲಿಲ್ಲ.

ಈಗ ಕೇಳಬೇಕಾದ್ದು: ಕಾಕ್ಕಾರಿಶ್ಶಿಯಲ್ಲಿ ಸಹಿಸಿಕೊಂಡವರು ಸಿನಿಮಾದಲ್ಲಿ ಯಾಕೆ ಸಹಿಸಲಿಲ್ಲ? ಆಟದಲ್ಲಿ ನಟಿಯ ಜಾತಿಯೂ ಪಾತ್ರದ ಜಾತಿಯೂ ಒಂದೇ ದಂಡೆಯಲ್ಲಿದ್ದವು. ತಂಬ್ರಾನನನ್ನು ಗೇಲಿ ಮಾಡಿದರೂ ಕಾಕ್ಕಾತ್ತಿ ಕಾಕ್ಕಾತ್ತಿಯೇ. ಸಿನಿಮಾ ಈ ಎರಡನ್ನೂ ಬಿಡಿಸಿತು. ಇನ್ನೊಂದು ಸಂಗತಿಯೂ ಇದೆ. ಮೂಕಿ ಚಿತ್ರ ರೋಸಿಯವರ ಹಾಡನ್ನೂ ಮಾತನ್ನೂ ಕಿತ್ತುಕೊಂಡಿತು, ನಿಜ. ಆದರೆ ಜಾತಿಯನ್ನು ಹೇಳಿಕೊಡುವ ಆಡುಮಾತನ್ನೂ ಅದು ಮರೆಮಾಡಿತು. ಉಳಿದದ್ದು ಮುಖ, ನಡಿಗೆ, ಉಡುಗೆ. ಅವುಗಳಲ್ಲಿ ನಾಯರ್ ಹೆಣ್ಣನ್ನು ಕಾಣಬಹುದಿತ್ತು. ಅಂದರೆ ಮೇಲ್ಜಾತಿ ಎಂಬುದು ಹುಟ್ಟಿನ ತೇಜಸ್ಸಲ್ಲ, ಕಲಿತು ಅಭಿನಯಿಸಬಹುದಾದ ಒಂದು ನಡೆ. ಕಲ್ಲು ಹೊಡೆಸಿದ್ದು ಈ ಸತ್ಯ.

ತಿರುಗುಮುರುಗಾದ ಲೆಕ್ಕವನ್ನೂ ನೋಡಿ. 1936ರ 'ಅಛೂತ್ ಕನ್ಯಾ'ದಲ್ಲಿ ಠಾಕೂರರ ನೆಂಟಸ್ತಿಕೆಯ ಮನೆತನದ ದೇವಿಕಾ ರಾಣಿ ಅಸ್ಪೃಶ್ಯ ಹುಡುಗಿಯಾದರು. ದೇಶವೆಲ್ಲ ಚಪ್ಪಾಳೆ. ನಮ್ಮ ಮಗ್ಗುಲಿಗೇ ಬಂದರೆ, ರೋಸಿ ಹುಟ್ಟಿದ ವರ್ಷವೇ ಮಂಗಳೂರಿನ ಸಾರಸ್ವತ ಮನೆತನದಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ, 1930ರ ಆಸುಪಾಸಿನಲ್ಲಿ ಮೋಹನ್ ಭವನಾನಿಯವರ ಮೂಕಿ ಚಿತ್ರ 'ವಸಂತಸೇನಾ'ದಲ್ಲಿ ನಟಿಸಿದರು. ಅವರ ಧೈರ್ಯ ದೊಡ್ಡದು, ಅದನ್ನು ಹಗುರ ಮಾಡಬೇಕಿಲ್ಲ. ಆದರೆ ಆ ಧೈರ್ಯಕ್ಕೆ ಅವರ ಮನೆ ಸುಟ್ಟುಹೋಗಲಿಲ್ಲ. ಕೆಳಗಿಳಿದು ನಟಿಸುವುದು ಕಲೆ, ಮೇಲೇರಿ ನಟಿಸುವುದು ಅಪರಾಧ ಅನ್ನುವ ಶಾಸ್ತ್ರವನ್ನು ಯಾವ ಭರತನೂ ಹೀಗೆ ಬಿಡಿಸಿ ಬರೆದಿಲ್ಲ. ಬರೆಯುವ ಅಗತ್ಯವೂ ಬೀಳಲಿಲ್ಲ.

ಚಿತ್ರದ ಪ್ರತಿ ಇಂದು ಇಲ್ಲ. ರೋಸಿಯವರದೆಂದು ಓಡಾಡುವ ಭಾವಚಿತ್ರದ ಬಗ್ಗೆಯೂ ತಕರಾರಿದೆ. ಡೇನಿಯಲ್ 1975ರಲ್ಲಿ ಬಡತನದಲ್ಲೇ ತೀರಿಕೊಂಡರು. 1992ರಲ್ಲಿ ಕೇರಳ ಸರ್ಕಾರ ಅವರ ಹೆಸರಲ್ಲಿ ಪ್ರಶಸ್ತಿ ಇಟ್ಟಿತು. ರೋಸಿಯವರ ನೆನಪನ್ನು ಕಾಯ್ದದ್ದು ಕುನ್ನುಕುಳಿ ಎಸ್. ಮಣಿ ಅಂಥವರ ಹುಡುಕಾಟ, ದಲಿತ ಬರಹಗಾರರ ಹಟ. 2013ರಲ್ಲಿ ಕಮಲ್ ನಿರ್ದೇಶನದ 'ಸೆಲ್ಯುಲಾಯ್ಡ್' ಬಂದಾಗ ಅವರ ಹೆಸರು ಮನೆಮಾತಾಯಿತು. ಆದರೆ ಅಲ್ಲಿಯ ರೋಸಿ ಅಂಜುಕುಳಿ, ಕೃತಜ್ಞತೆಯಿಂದ ಬಗ್ಗಿದ ಹುಡುಗಿ ಅಂತ ದಲಿತ ವಿಮರ್ಶಕರು ತಗಾದೆ ತೆಗೆದರು. ಕಾಕ್ಕಾರಿಶ್ಶಿಯ ಆ ಗಟ್ಟಿಗಿತ್ತಿ ಎಲ್ಲಿ ಹೋದಳು ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ.

ನಮಗೆ ಇದರಿಂದ ಬರುವ ಕೆಲಸ ಒಂದಿದೆ. ಕನ್ನಡದ ಕಂಪನಿ ನಾಟಕಗಳ, ಮೂಕಿ ಚಿತ್ರಗಳ ಚರಿತ್ರೆಯಲ್ಲಿ ಮಾಲೀಕರ ಹೆಸರುಗಳಿವೆ, ನಾಯಕರ ಹೆಸರುಗಳಿವೆ. ಕೇರಿಯಿಂದ ಬಂದು ಹೆಸರು ಬದಲಿಸಿಕೊಂಡು ಹಾಡಿದವರು, ಕುಣಿದವರು ಯಾರು? ವಿದ್ಯಾರ್ಥಿ ಗೆಳೆಯರು ಗ್ರಂಥಾಲಯಕ್ಕೆ ಹೋಗಲಿ, ಬೇಡವೆನ್ನುವುದಿಲ್ಲ. ಅದಕ್ಕೂ ಮೊದಲು ತಮ್ಮ ತಮ್ಮ ಕೇರಿಯ ಅಜ್ಜಿಯರನ್ನು ಒಂದು ಮಾತು ಕೇಳಲಿ. ನಾಗರಕೋಯಿಲಿನ ಒಂದು ಮನೆಯಲ್ಲಿ ರಾಜಮ್ಮಾಳ್ ಇದ್ದಷ್ಟು ಕಾಲವೂ ಕೇಳುವವರು ಹೋಗಲಿಲ್ಲ.