ರೇಷನ್ ಕಾರ್ಡಿನಿಂದ ಆಪರೇಷನ್ ಥಿಯೇಟರ್ ತನಕ

ಹೋದ ಬೇಸಿಗೆಯಲ್ಲಿ ನಮ್ಮ ಓಣಿಯ ಕಾಕಾ ಒಬ್ಬರು ಕಲಬುರಗಿಯಿಂದ ಫೋನ್ ಮಾಡಿದರು. ಕಾಕಿಗೆ ಪಿತ್ತಕೋಶದಲ್ಲಿ ಹರಳು, ಆಪರೇಷನ್ ಆಗಬೇಕು, ಖಾಸಗಿ ದವಾಖಾನೆಯ ಕೌಂಟರಿನ ಮುಂದೆ ನಿಂತಿದ್ದಾರೆ. "ಕಾರ್ಡ್ ಅದಲ್ಲೋ ತಮ್ಮಾ, ಮತ್ಯಾಕ ರೊಕ್ಕ ಕೇಳ್ಯಾರ?" ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲ ಇತ್ತು: ಬಿಪಿಎಲ್ ರೇಷನ್ ಕಾರ್ಡ್, ಇಬ್ಬರ ಆಧಾರ್, ಸ್ಕ್ಯಾನಿಂಗ್ ರಿಪೋರ್ಟ್, ನದಿ ಸಂಗಮದಲ್ಲಿ ಸ್ನಾನ ಮಾಡಿ ತಂದಿದ್ದ ಅಂಗಾರದ ಪೊಟ್ಟಣ. ಇಲ್ಲದ್ದು ಒಂದೇ, ಸರ್ಕಾರಿ ವೈದ್ಯರು ಬರೆದು ಕೊಡುವ ರೆಫರಲ್ ಚೀಟಿ. ಅದಕ್ಕಾಗಿ ಅವರು ಅಫಜಲಪುರಕ್ಕೆ ಬಸ್ಸು ಹತ್ತಿ ಬಂದರು. ಎರಡು ದಿನ ಹೋಯಿತು. ಅದೇ ಚೀಟಿಯನ್ನು ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲೇ, ಆಟೋದಲ್ಲಿ ಹೋಗುವಷ್ಟು ದೂರದಲ್ಲಿ, ಕೇಳಬಹುದಿತ್ತು ಎಂದು ಕೌಂಟರಿನಲ್ಲಿ ಯಾರೂ ಹೇಳಲಿಲ್ಲ.

ಆ ಚೀಟಿಯನ್ನು ಕಚೇರಿಯ ಕಾಟ ಎಂದು ತಿಳಿದವರೇ ಹೆಚ್ಚು. ಆದರೆ ಕರ್ನಾಟಕದ ಆರೋಗ್ಯ ವಿಮೆಯ ರಾಜಕಾರಣವೆಲ್ಲ ಬಂದು ಸೇರಿರುವುದು ಆ ಒಂದು ಚೀಟಿಯಲ್ಲಿ. ಅದು ಯಾಕೆ ಹುಟ್ಟಿತು ಎಂದು ತಿಳಿಯಲು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲು ಬಂದದ್ದು ಯಶಸ್ವಿನಿ. ಡಾ. ದೇವಿ ಶೆಟ್ಟಿಯವರ ಯೋಚನೆಗೆ ಎಸ್.ಎಂ. ಕೃಷ್ಣ ಸರ್ಕಾರ ಒತ್ತಾಸೆಯಾಗಿ ನಿಂತು, 2003ರ ಜೂನ್‌ನಿಂದ ಚಿಕಿತ್ಸೆ ಶುರುವಾಯಿತು. ಸಹಕಾರ ಸಂಘದ ಸದಸ್ಯರು ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಆಪರೇಷನ್ ಖರ್ಚು ಯೋಜನೆಯದು. ರೈತ ತನ್ನ ಕೈಯಿಂದ ಕಟ್ಟಿದ ಹಣವಾದ್ದರಿಂದ ಹಕ್ಕಿನಿಂದ ಕೇಳುವ ಧೈರ್ಯ ಬಂತು. ಆದರೆ ಸೊಸೈಟಿಯಲ್ಲಿ ಷೇರು ಇಲ್ಲದವರು, ಅಂದರೆ ಹೊಲವಿಲ್ಲದ ಕೂಲಿಕಾರರು, ಹೊರಗೇ ಉಳಿದರು. ಜೇವರ್ಗಿ, ಆಳಂದದ ಕಡೆ ದುಡಿಮೆ ಹುಡುಕಿ ಮುಂಬೈ, ಪುಣೆಗೆ ಗುಳೆ ಹೋಗುವವರು ಯಾವ ಸೊಸೈಟಿಯ ಸದಸ್ಯರು?

ಆ ಪ್ರಶ್ನೆಗೆ ಉತ್ತರವಾಗಿ ಬಂದದ್ದು ವಾಜಪೇಯಿ ಆರೋಗ್ಯಶ್ರೀ. ಆಂಧ್ರದಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ 2007ರಲ್ಲಿ ಆರೋಗ್ಯಶ್ರೀ ಆರಂಭಿಸಿದ ಮೇಲೆ ಪಕ್ಕದ ರಾಜ್ಯಗಳು ಸುಮ್ಮನಿರುವ ಹಾಗಿರಲಿಲ್ಲ. ಯಡಿಯೂರಪ್ಪನವರ ಸರ್ಕಾರ 2010ರ ಫೆಬ್ರುವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀಯನ್ನು ಜಾರಿಗೆ ತಂದದ್ದು ಮೊದಲು ನಮ್ಮ ಗುಲ್ಬರ್ಗ ವಿಭಾಗದಲ್ಲಿ. ಬೆಂಗಳೂರಿನ ಯೋಜನೆಗಳು ಇಲ್ಲಿಗೆ ಕೊನೆಗೆ ಬರುವುದು ವಾಡಿಕೆ. ಇದೊಂದು ಇಲ್ಲಿಂದ ದಕ್ಷಿಣಕ್ಕೆ ಹೋಯಿತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತಿ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಈ ವಿಭಾಗದವೇ ಆಗಿದ್ದಾಗ ಬೇರೆ ಕಡೆಯಿಂದ ಶುರು ಮಾಡುವುದು ನ್ಯಾಯವೂ ಆಗುತ್ತಿರಲಿಲ್ಲ.

ಇಲ್ಲಿ ಎರಡು ದೊಡ್ಡ ತೀರ್ಮಾನಗಳಾದವು. ಒಂದು, ಬಡವರಿಂದ ಕಂತು ಬೇಡ; ಬಿಪಿಎಲ್ ಕಾರ್ಡೇ ಪಾಲಿಸಿ. ಇನ್ನೊಂದು, ಆಂಧ್ರದ ಹಾಗೆ ವಿಮಾ ಕಂಪನಿಯನ್ನು ನಡುವೆ ತರದೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಎಂಬ ಸರ್ಕಾರದ್ದೇ ಸಂಸ್ಥೆ ಆಸ್ಪತ್ರೆಗಳಿಗೆ ನೇರವಾಗಿ ಹಣ ಕೊಡುವುದು. ಈ ಎರಡನೆಯ ತೀರ್ಮಾನವನ್ನು ಜನ ಅಷ್ಟಾಗಿ ಗಮನಿಸಲಿಲ್ಲ, ಆದರೆ ನನ್ನ ಮಟ್ಟಿಗೆ ಅದೇ ಮುಖ್ಯ. ಕಂಪನಿಯಾದರೆ ಕಂತಿನ ಹಣವನ್ನು ಮೊದಲೇ ಪಡೆದು, ಖರ್ಚು ಕಡಿಮೆಯಾದಷ್ಟೂ ಲಾಭ ಎಣಿಸುತ್ತದೆ. ಟ್ರಸ್ಟಿಗೆ ಆ ಲಾಭದ ಲೆಕ್ಕವಿಲ್ಲ. ಬದಲಿಗೆ ಬಜೆಟ್ಟಿನಲ್ಲಿ ಹಣ ತಡವಾದರೆ ಆಸ್ಪತ್ರೆಯ ಬಿಲ್ಲೂ ತಡವಾಗುತ್ತದೆ.

ಫಲವೇನು ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಯೋಜನೆ ಆಗ ಉತ್ತರದ ವಿಭಾಗಗಳಲ್ಲಿ ಮಾತ್ರ ಇತ್ತು. ಆ ಗಡಿಯ ಆಚೀಚೆ, ಯೋಜನೆ ಇದ್ದ 300 ಮತ್ತು ಇಲ್ಲದ 272 ಹಳ್ಳಿಗಳನ್ನು ಸಂಶೋಧಕರು ಹೋಲಿಸಿ ನೋಡಿದರು. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಸತ್ತವರ ಪ್ರಮಾಣ ಯೋಜನೆ ಇಲ್ಲದ ಕಡೆಯ ಬಡ ಕುಟುಂಬಗಳಲ್ಲಿ ಶೇ 0.90 ಇದ್ದರೆ, ಇದ್ದ ಕಡೆ ಶೇ 0.32. ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು 2014ರಲ್ಲಿ ಪ್ರಕಟಿಸಿತು. ಊರುಗಳ ನಡುವೆ ಯೋಜನೆಯ ಗೆರೆ ಎಳೆದಾಗ ಒಂದು ಬದಿಯಲ್ಲಿ ಹೆಚ್ಚು ಜನ ಉಳಿದರು, ಇನ್ನೊಂದು ಬದಿಯಲ್ಲಿ ಹೆಚ್ಚು ಜನ ಹೋದರು ಎಂದೇ ಇದರ ಅರ್ಥ.

ಹಾಗಿದ್ದರೆ ಚೀಟಿ ಎಲ್ಲಿಂದ ಬಂತು? ಆರೋಗ್ಯಶ್ರೀಯಲ್ಲಿ ರೋಗಿ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಬಹುದಿತ್ತು. ಹಣವೂ ರೋಗಿಯ ಹಿಂದೆ ನಗರಕ್ಕೆ ಹೋಯಿತು. 2018ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ಯಶಸ್ವಿನಿ, ಆರೋಗ್ಯಶ್ರೀ ಸೇರಿ ಹಲವು ಯೋಜನೆಗಳನ್ನು ಒಟ್ಟುಗೂಡಿಸಿ ಆರೋಗ್ಯ ಕರ್ನಾಟಕ ಮಾಡಿದಾಗ ಈ ದಾರಿ ಬದಲಾಯಿತು. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದಿದ್ದರೆ ಮಾತ್ರ ಅಲ್ಲಿಯ ವೈದ್ಯರ ಬರಹದ ಮೇಲೆ ಖಾಸಗಿ ಆಸ್ಪತ್ರೆ. ಆ ವರ್ಷವೇ ಕೇಂದ್ರದ ಆಯುಷ್ಮಾನ್ ಭಾರತ ಬಂದು ಅಕ್ಟೋಬರ್‌ನಲ್ಲಿ ಎರಡೂ ಒಂದಾದವು. ಒಟ್ಟು 1,650 ಚಿಕಿತ್ಸೆಗಳ ಪಟ್ಟಿ ಮಾಡಿ, ಸರಳವಾದ 294ನ್ನು ಸರ್ಕಾರಿ ಆಸ್ಪತ್ರೆಗೇ ಮೀಸಲಿಟ್ಟರು. ತುರ್ತಿನ 171ಕ್ಕೆ ಚೀಟಿ ಬೇಡ ಎಂದರು. ಉಳಿದದ್ದಕ್ಕೆ ಚೀಟಿ ಬೇಕು.

ನಾನು ಈ ನಿಯಮದ ಪರ. ಚೀಟಿ ಇಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಸಲ್ಲಬೇಕಾದ ಹಣವೂ, ಕೇಸೂ, ಕೊನೆಗೆ ವೈದ್ಯರೂ ನಗರಕ್ಕೆ ಹರಿದು ಹೋಗುತ್ತಾರೆ. ಆದರೆ ಬಾಗಿಲು ಇಟ್ಟ ಮೇಲೆ ಬಾಗಿಲಲ್ಲಿ ಮನುಷ್ಯ ಇರಬೇಕು. ತಜ್ಞರ ಹುದ್ದೆ ಖಾಲಿ ಇರುವ ಆಸ್ಪತ್ರೆ ಚೀಟಿ ಬರೆಯುವ ಕಚೇರಿಯಾಗುತ್ತದೆ ಅಷ್ಟೆ, ರೋಗಿಗೆ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ಹೋಗುತ್ತದೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾಯಿತು. ವಿಮೆಯ ಕಾರ್ಡಿಗೆ ಬೆಲೆ ಬರುವುದು ಇಂಥ ಹಾಸಿಗೆ ಹತ್ತಿರವಿದ್ದಾಗ.

ಇನ್ನು ಕಾರ್ಡಿನ ಬಣ್ಣದ ವಿಚಾರ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ತಿ ಉಚಿತ. ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳನ್ನು ಎಪಿಎಲ್ ಮಾಡಲು ಹೊರಟು, ಗದ್ದಲವೆದ್ದು, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಹಿಂದಿರುಗಿಸಲು ಸರ್ಕಾರವೇ ಹೇಳಬೇಕಾಯಿತು. ಜನ ಆಗ ಮಾತಾಡಿದ್ದು ಅಕ್ಕಿಯ ಬಗ್ಗೆ. ಹೋಗುತ್ತಿದ್ದುದು ಅಕ್ಕಿಯೊಂದೇ ಆಗಿರಲಿಲ್ಲ.

ಹೆಸರಿನ ಜಗಳವೂ ಇದೆ. ಕೇಂದ್ರ ತನ್ನ ಪಾಲು ಕೊಡುವುದು ತನ್ನ ಪಟ್ಟಿಯ ಸುಮಾರು 62 ಲಕ್ಷ ಕುಟುಂಬಗಳಿಗೆ. ಅದರಾಚೆಯವರ ಖರ್ಚು ಪೂರ್ತಿ ರಾಜ್ಯದ್ದು. ಹಾಗಾಗಿ 2023ರಲ್ಲಿ ಹೊಸ ಕಾರ್ಡಿನ ಮೇಲೆ ಪ್ರಧಾನ ಮಂತ್ರಿಯ ಹೆಸರಿನ ಜೊತೆ ಮುಖ್ಯಮಂತ್ರಿಯ ಆರೋಗ್ಯ ಕರ್ನಾಟಕ ಎಂಬುದೂ ಸೇರಿತು. 2018ರಲ್ಲಿ ನಿಂತಿದ್ದ ಯಶಸ್ವಿನಿಯನ್ನು ಬೊಮ್ಮಾಯಿ ಸರ್ಕಾರ ಮತ್ತೆ ತಂದು, 2023ರ ಜನವರಿಯಿಂದ ಚಿಕಿತ್ಸೆ ಆರಂಭಿಸಿತು. ಗ್ರಾಮೀಣ ಸಹಕಾರಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ. ಬಿಪಿಎಲ್ ಕಾರ್ಡ್ ಇಲ್ಲದ ಸಣ್ಣ ರೈತರು ಸೊಸೈಟಿಯಲ್ಲಿ ನೋಂದಣಿಯ ದಿನಾಂಕ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಕಡೆಯವರಿಗೆ ಗಡಿಯಾಚೆಯ ಸೊಲ್ಲಾಪುರದ ದವಾಖಾನೆಯೇ ರೂಢಿ. ಆದರೆ ಮಹಾರಾಷ್ಟ್ರದ ಮಹಾತ್ಮಾ ಫುಲೆ ಯೋಜನೆ ಆ ರಾಜ್ಯದ ರೇಷನ್ ಕಾರ್ಡಿಗೆ. ಆಯುಷ್ಮಾನ್ ಭಾರತದ ಕೇಂದ್ರ ಪಟ್ಟಿಯಲ್ಲಿರುವ ಕುಟುಂಬಕ್ಕೆ ಹೊರ ರಾಜ್ಯದಲ್ಲಿ ಚಿಕಿತ್ಸೆಗೆ ಅವಕಾಶವಿದೆ, ರಾಜ್ಯ ಸೇರಿಸಿಕೊಂಡ ಕುಟುಂಬಕ್ಕೆ ಅದು ತಾನಾಗಿ ಬರುವುದಿಲ್ಲ. ಗಡಿ ದಾಟುವ ಮುಂಚೆ 14555ಕ್ಕೆ ಫೋನ್ ಮಾಡಿ ನಿಮ್ಮ ಕಾರ್ಡ್ ಯಾವ ಪಟ್ಟಿಯದು ಎಂದು ಕೇಳಿ.

ಎದೆನೋವು, ಅಪಘಾತ, ಸುಟ್ಟ ಗಾಯದಂಥ ತುರ್ತಾದರೆ ಚೀಟಿಗೆ ಕಾಯದೆ ಯೋಜನೆಯ ಪಟ್ಟಿಯಲ್ಲಿರುವ ಹತ್ತಿರದ ಆಸ್ಪತ್ರೆಗೆ ಹೋಗಿ, ಅಲ್ಲಿ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರನ್ನು ಕೇಳಿ. ಚಿಕಿತ್ಸೆಗೆ ಒಪ್ಪಿಗೆ ಬಂದ ಮೇಲೆ ಬಿಪಿಎಲ್ ರೋಗಿಯಿಂದ ಪ್ಯಾಕೇಜಿನೊಳಗಿನ ಔಷಧಿ, ಪರೀಕ್ಷೆಗೆ ಹಣ ಕೇಳುವಂತಿಲ್ಲ. ಕೇಳಿದರೆ ರಸೀದಿ ಪಡೆದು ದೂರು ಕೊಡಿ. ತುರ್ತಿಲ್ಲದ ಆಪರೇಷನ್ ಆದರೆ ಮೊದಲು ಅಫಜಲಪುರ, ಆಳಂದ ಅಥವಾ ಜೇವರ್ಗಿಯ ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಪಡೆದು ಕಲಬುರಗಿಯ ಬಸ್ಸು ಹತ್ತಿ; ಆಗಲೇ ಕಲಬುರಗಿಯಲ್ಲಿದ್ದರೆ ಚೀಟಿಯನ್ನು ಜಿಮ್ಸ್‌ನಲ್ಲೇ ಕೇಳಿ.