ಬಂಡೆಯಿಂದ ಮೊಬೈಲಿಗೆ: ಬೌದ್ಧ ಧರ್ಮದ ಪಾಠಕ್ಕೊಂದು ಪ್ರವೇಶ

ಅಭ್ಯಾಸ ಬೋಧನೆಯಲ್ಲಿ ಬೌದ್ಧ ಧರ್ಮದ ಪಾಠ ಬಂದಾಗ ನಾಲ್ಕು ಆರ್ಯಸತ್ಯ, ಅಷ್ಟಾಂಗ ಮಾರ್ಗ ಎಂದು ಕಪ್ಪುಹಲಗೆಯ ಮೇಲೆ ಪಟ್ಟಿ ಬರೆದು ಮುಗಿಸುವುದು ರೂಢಿ. ಮಕ್ಕಳು ಕಂಠಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಕೂಟಗಲ್ ಭಾಗದ ಶಾಲೆಗಳಿಗೆ ಪಾಠ ವೀಕ್ಷಣೆಗೆ ಹೋಗುವ ನಾನು, ಮಕ್ಕಳಿಗೆ ಚೆನ್ನಾಗಿ ಪರಿಚಯವಿರುವ ಮೊಬೈಲಿನಿಂದಲೇ ಈ ಪಾಠ ಆರಂಭಿಸಿ ಎಂದು ಪ್ರಶಿಕ್ಷಣಾರ್ಥಿಗಳಿಗೆ ಹೇಳುತ್ತೇನೆ. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಬೌದ್ಧ ಧರ್ಮ ತನ್ನ ಕಾಲದ ತಂತ್ರಜ್ಞಾನವನ್ನು ದೂರವಿಟ್ಟು ಬೆಳೆದದ್ದಲ್ಲ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕ ಬಂಡೆಯನ್ನೂ ಬ್ರಾಹ್ಮಿ ಲಿಪಿಯನ್ನೂ ಬಳಸಿಕೊಂಡ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನ ತಂದೆತಾಯಿಯರ ಮಾತು ಕೇಳಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎನ್ನುತ್ತದೆ. ಬರೆದ ಲಿಪಿಕಾರ ಚಪಡನ ಹೆಸರೂ ಅದರಲ್ಲಿದೆ. ಬಂಡೆಗಳ ನಡುವೆಯೇ ಬೆಳೆಯುವ ರಾಮನಗರದ ಮಕ್ಕಳಿಗೆ ಇದು ಬೇಗ ಮನಸ್ಸಿಗೆ ಹತ್ತುತ್ತದೆ. ದಿನಾಂಕವಿರುವ, ಇಂದಿಗೂ ಉಳಿದಿರುವ ಅತಿ ಹಳೆಯ ಮುದ್ರಿತ ಪುಸ್ತಕ ಕ್ರಿ.ಶ. 868ರ ಚೀನೀ ವಜ್ರಸೂತ್ರ. ಇಂದು ಪಾಲಿ ತಿಪಿಟಕವನ್ನು ಕನ್ನಡ ಲಿಪಿಯಲ್ಲೇ ಅಂತರ್ಜಾಲದಲ್ಲಿ ಓದಬಹುದು.

ಎರಡನೆಯದು, ಮನಸ್ಸಿನ ನಡೆಯನ್ನು ವಿವರಿಸಲು ಮೊಬೈಲಿಗಿಂತ ಹತ್ತಿರದ ಉದಾಹರಣೆ ಸಿಗದು. 'ಟಿಣ್' ಎಂಬ ಸದ್ದು ಕಿವಿಗೆ ತಾಗುವುದು ಸ್ಪರ್ಶ, ಹಿತವೆನಿಸುವುದು ವೇದನೆ, ನೋಡಲೇಬೇಕೆಂಬ ತವಕ ತೃಷ್ಣೆ, ಕೈ ಬಿಡಲಾಗದಿರುವುದು ಉಪಾದಾನ. ವೇದನೆಗೂ ತೃಷ್ಣೆಗೂ ನಡುವೆ ಒಂದು ಕ್ಷಣ ಎಚ್ಚರವಾಗಿರುವುದೇ ಸ್ಮೃತಿ. ದುಃಖಕ್ಕೆ ತೃಷ್ಣೆ ಕಾರಣ ಎಂಬ ಎರಡನೆಯ ಆರ್ಯಸತ್ಯ ಹೀಗೆ ಮಕ್ಕಳ ಅನುಭವಕ್ಕೆ ಬರುತ್ತದೆ.

ಮೂರನೆಯದು, ಬಳಸುವುದು, ಬಿಡುವುದು ಎರಡೂ ಒಟ್ಟಿಗೆ ಸಾಧ್ಯ. ಬೆಂಗಳೂರು ಸಮೀಪದ ಆಲೂರಿನ ಧಮ್ಮ ಪಫುಲ್ಲ ವಿಪಶ್ಯನಾ ಕೇಂದ್ರದ 10 ದಿನಗಳ ಶಿಬಿರದಲ್ಲಿ ಮೊಬೈಲನ್ನು ಒಪ್ಪಿಸಿ, ಮೌನ ಪಾಲಿಸಬೇಕು. ಆದರೆ ಅರ್ಜಿ ಹಾಕಲು ಅಂತರ್ಜಾಲವಿದೆ. 2013ರಲ್ಲಿ ನಿಧನರಾದ ಎಸ್.ಎನ್. ಗೋಯೆಂಕಾ ಅವರ ಬೋಧನೆ ಧ್ವನಿಮುದ್ರಣದಲ್ಲಿ ಇಂದಿಗೂ ನಡೆಯುತ್ತಿದೆ. ಉಪಕರಣ ಯಾವಾಗ ಬೇಕು, ಯಾವಾಗ ಬೇಡ ಎಂಬ ವಿವೇಕವೇ ಇಲ್ಲಿನ ಪಾಠ.

ತರಗತಿಯಲ್ಲಿ ಎರಡು ನಿಮಿಷ ಉಸಿರನ್ನು ಗಮನಿಸಿ, ಮನಸ್ಸು ಎಷ್ಟು ಸಲ ಅಲೆಯಿತೆಂದು ಮಕ್ಕಳೇ ಎಣಿಸಲಿ. ಇದು ವೀಕ್ಷಣೆಯೇ ಹೊರತು ಪೂಜೆಯಲ್ಲ. ಭಾಗವಹಿಸುವುದು ಮಗುವಿನ ಇಚ್ಛೆಗೆ ಬಿಟ್ಟದ್ದೆಂದು ಮೊದಲೇ ಹೇಳಿ. ಧ್ಯಾನದ ಆ್ಯಪ್ ತೋರಿಸಿದರೆ ಬೌದ್ಧ ಧರ್ಮ ಕಲಿಸಿದಂತಾಗದು. ಸಮ್ಯಕ್ ಸ್ಮೃತಿ ಎಂಟು ಅಂಗಗಳಲ್ಲಿ ಒಂದು ಮಾತ್ರ. ಸಮ್ಯಕ್ ವಾಕ್ಕು, ಸಮ್ಯಕ್ ಜೀವನೋಪಾಯಗಳೂ ಇವೆ. ಆದ್ದರಿಂದ ಮೌಲ್ಯಮಾಪನಕ್ಕೆ ಈ ಪ್ರಶ್ನೆ ಕೇಳಬಹುದು: ಸುಳ್ಳು ಸುದ್ದಿಯನ್ನು ಮುಂದಕ್ಕೆ ಕಳಿಸಿದರೆ ಯಾವ ಅಂಗ ಮುರಿಯುತ್ತದೆ? ಜನರ ಗಮನವನ್ನು ಸೆಳೆದಿಟ್ಟುಕೊಂಡೇ ಹಣ ಗಳಿಸುವ ಆ್ಯಪ್ ತಯಾರಿಸುವುದು ಸಮ್ಯಕ್ ಜೀವನೋಪಾಯವೇ?

ಎರಡನೆಯ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಮಕ್ಕಳು ವಾದಿಸಲಿ. ಆ ಹೊತ್ತಿನಲ್ಲಿ ಶಿಕ್ಷಕರ ಮೊಬೈಲ್ ಮೇಜಿನ ಮೇಲಲ್ಲ, ಚೀಲದೊಳಗಿರಲಿ.